ಮನೆಯಲ್ಲಿ ಮಾಡಿದ ಗುಂಡು

ಮಲೆನಾಡಿನ ಗೃಹಸ್ಥರೊಬ್ಬರು ಬರೆದ ಕಾಗದವು ಕಳೆದ ತಿಂಗಳು ನಮ್ಮ ಕೈಸೇರಿತು. ಅವರ ಮನೆಯಲ್ಲಿ ತಂದೆಯ ಕಾಲದಿಂದಲೂ ಹನ್ನೆರಡು ಬೋರಿನ ತೋಟೆಕೋವಿಯೊಂದು ಇದೆ. ಬೆಳೆರಕ್ಷಣೆಗೆಂದು ಪಡೆದ ಪರವಾನಗಿಯೂ ಇದೆ. ಗದ್ದೆಗೆ ಕಾಡುಹಂದಿಯ ಕಾಟ ವಿಪರೀತವಾಗಿದೆಯಂತೆ. ಕೈಯಲ್ಲಿರುವ ಸಣ್ಣ ಚರೆಯ ತೋಟೆಗಳು ಹಕ್ಕಿಗಾದೀತೇ ಹೊರತು ಹಂದಿಗೆ ಸಾಲವು. ಆ ತೋಟೆಗಳನ್ನೇ ಬಿಚ್ಚಿ, ಚರೆಯನ್ನು ಕರಗಿಸಿ, ಒಂದೊಂದಕ್ಕೂ ಒಂದೇ ದಪ್ಪ ಗುಂಡನ್ನು ಹಾಕಿಕೊಡುವೆನೆಂದು ನೆರೆಯೂರಿನವನೊಬ್ಬನು ಮುಂದೆ ಬಂದಿದ್ದಾನೆ. ಮಾಡಿಸಬಹುದೆ, ಎಂದು ಅವರು ಕೇಳಿದ್ದಾರೆ. ಕೂಡದೆಂದು ಒಂದೇ ಮಾತಿನಲ್ಲಿ ಉತ್ತರ ಕೊಡಬಹುದು. ಆದರೆ ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದವನಾದ ನಾನು ಬಲ್ಲೆ: ಕಾರಣವನ್ನು ಹೇಳದೆ ಕೂಡದೆಂದರೆ ಅದು ಮಾಡೆಂದು ಹೇಳಿದಂತೆಯೇ ಸರಿ. ಆದುದರಿಂದ ವಾಚಕರು ಸ್ವಲ್ಪ ವಿಸ್ತಾರವಾದ ಉತ್ತರವನ್ನು ಸಹಿಸಿಕೊಳ್ಳಬೇಕು.

ಮೊದಲು ಬೋರ್ ಎಂಬ ಮಾತಿನ ಅರ್ಥವನ್ನು ತಿಳಿಯೋಣ. ಹನ್ನೆರಡು ಬೋರಿಗಿಂತ ಇಪ್ಪತ್ತು ಬೋರಿನ ನಳಿಗೆ ಸಣ್ಣದು. ಅಂಕಿ ದೊಡ್ಡದಾದಂತೆ ನಳಿಗೆ ಕಿರಿದಾಗುವುದೆಂತೆಂದು ಹಲವರು ಬೆರಗಾಗುವರು. ಒಂದು ಪೌಂಡು ಸೀಸವನ್ನು ಹನ್ನೆರಡು ಸಮಭಾಗ ಮಾಡಿ ಉಂಡೆ ಕಟ್ಟಿದರೆ, ಆ ಉಂಡೆಯ ಅಡ್ಡಳತೆ ಎಷ್ಟೋ ನಳಿಗೆಯ ಒಳ ಅಡ್ಡಳತೆಯೂ ಅಷ್ಟು, ಸುಮಾರು ೧೮.೫ ಮಿಲಿಮೀಟರ್. ಇಪ್ಪತ್ತು ಭಾಗ ಮಾಡಿದರೆ ಉಂಡೆ ಸಣ್ಣದಾಗುವುದಷ್ಟೆ. ಈ ಲೆಕ್ಕವು ಒಂಟಿಗುಂಡನ್ನು ಹಾರಿಸುತ್ತಿದ್ದ ಕಾಲದ್ದು. ಹೆಸರು ಉಳಿಯಿತು, ಉಪಯೋಗ ಬದಲಾಯಿತು. ಈಗಿನ ತೋಟೆಕೋವಿಯ ನಳಿಗೆಯು ಸಣ್ಣ ಚರೆಗಳ ಗುಂಪನ್ನು ಹರಡಿ ಎಸೆಯುವುದಕ್ಕಾಗಿ ತಯಾರಾದದ್ದು. ಅದರ ಒಳಮೈ ಕನ್ನಡಿಯಂತೆ ನುಣುಪು. ಬಾಯಿಯ ಸಮೀಪದಲ್ಲಿ ಚೋಕ್ ಎಂಬ ಕೊಂಚ ಇಕ್ಕಟ್ಟನ್ನು ಮಾಡಿರುತ್ತಾರೆ. ಪೂರ್ಣ ಚೋಕಿನಲ್ಲಿ ಅದು ಹೆಚ್ಚುಕಡಿಮೆ ಒಂದು ಮಿಲಿಮೀಟರಿನಷ್ಟು. ಚರೆಗಳು ಬೇಗ ಚೆದರದಿರಲೆಂದೇ ಈ ಏರ್ಪಾಡು. ಈ ನುಣುಪು, ಈ ಇಕ್ಕಟ್ಟು, ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದತಕ್ಕದ್ದು.

ನುಣುಪಾದ ನಳಿಗೆಯಿಂದ ಹೊರಟ ಒಂಟಿಗುಂಡು ಏಕೆ ಗುರಿ ತಪ್ಪುವುದೆಂಬುದನ್ನು ಶಾಸ್ತ್ರೀಯವಾಗಿ ವಿಚಾರಿಸಿದವನು ಬೆಂಜಮಿನ್ ರಾಬಿನ್ಸ್ ಎಂಬ ಆಂಗ್ಲೇಯ ಗಣಿತಜ್ಞ. ಅವನ ಗ್ರಂಥವು ೧೭೪೨ರಲ್ಲಿ ಪ್ರಕಟವಾಯಿತು. ಮೂರೇ ವರ್ಷಗಳಲ್ಲಿ ಆಯ್ಲರನಂಥ ಗಣಿತಶಿಖಾಮಣಿಯು ಅದನ್ನು ಜರ್ಮನ್ ಭಾಷೆಗೆ ತಿರುಗಿಸಿ ವ್ಯಾಖ್ಯಾನ ಬರೆದನು. ನಳಿಗೆಗಿಂತ ಗುಂಡು ಎಳ್ಳಷ್ಟಾದರೂ ಸಣ್ಣದಾಗಿರಬೇಕು. ಇಲ್ಲವಾದರೆ ಒಳಗೆ ಇಳಿಯದು. ಆ ಎಳ್ಳಷ್ಟು ಸಡಿಲದಲ್ಲಿ ಗುಂಡು ನಳಿಗೆಯ ಗೋಡೆಗಳಿಗೆ ಉಜ್ಜುತ್ತ ಬರುತ್ತದೆ. ಕೊನೆಯಲ್ಲಿ ಯಾವ ಪಕ್ಕಕ್ಕೆ ಉಜ್ಜಿತೋ ಅದಕ್ಕೆ ತಕ್ಕಂತೆ ಒಂದು ಸುತ್ತು ಅದಕ್ಕೆ ಹತ್ತುತ್ತದೆ. ಸುತ್ತುತ್ತ ಹಾರುವ ಗೋಳವನ್ನು ಗಾಳಿಯು ಒಂದು ಪಕ್ಕಕ್ಕೆ ಎಳೆಯುತ್ತದೆ. ಕ್ರಿಕೆಟ್ ಆಟದ ಚೆಂಡು ಗಾಳಿಯಲ್ಲಿ ಬಾಗುವುದನ್ನು ನೋಡಿದ ಹುಡುಗರಿಗೆ ಇದನ್ನು ಹೇಳಿಕೊಡಬೇಕಾದ್ದಿಲ್ಲ. ಪ್ರತಿಸಲವೂ ಉಜ್ಜುವ ಪಕ್ಕ ಬೇರೆ, ಸುತ್ತು ಬೇರೆ, ಬಾಗುವ ದಿಕ್ಕೂ ಬೇರೆ. ರಾಬಿನ್ಸನು ನಳಿಗೆಯ ತುದಿಯನ್ನು ಎಡಕ್ಕೆ ಬಾಗಿಸಿ ಗುಂಡು ಹಾರಿಸಿದನು. ಮೊದಲು ಎಡಕ್ಕೆ ಹೊರಟ ಗುಂಡು ದಾರಿಯಲ್ಲಿ ಬಲಕ್ಕೆ ಹೊರಳಿತು. ಇದಕ್ಕೆ ಪರಿಹಾರವೆಂದರೆ ನಳಿಗೆಯ ಒಳಗೆ ತಿರುಪಿನಂಥ ಗೆರೆಗಳನ್ನು ಕೊರೆದು, ಗುಂಡಿಗೆ ನಿಯಮಿತವಾದ ಸುತ್ತನ್ನು ಕೊಡುವುದು. ಅದೇ ರೈಫಲ್ ಎನಿಸಿಕೊಂಡಿತು. ಈ ಮಹಾಶಯನು ಈಸ್ಟ್ ಇಂಡಿಯಾ ಕಂಪೆನಿಯ ಕೋಟೆಗಳನ್ನು ನೋಡಿಕೊಳ್ಳಲು ನಮ್ಮ ದಕ್ಷಿಣದೇಶಕ್ಕೇ ಬಂದು, ೧೭೫೧ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನೆಂಬುದನ್ನು ಬಲ್ಲವರು ಕಡಮೆ.

ಹಾಗಾದರೆ ತೋಟೆಕೋವಿಗೆ ಒಂಟಿಗುಂಡೇ ಇಲ್ಲವೆ ಎಂದರೆ, ಉಂಟು. ಜರ್ಮನಿಯ ವಿಲ್‌ಹೆಲ್ಮ್ ಬ್ರೆನೆಕೆ ಎಂಬವನು ೧೮೯೮ರಲ್ಲಿ ಒಂದನ್ನು ಸಿದ್ಧಪಡಿಸಿದನು. ಅಮೆರಿಕದ ಕಾರ್ಲ್ ಫಾಸ್ಟರ್ ಎಂಬವನು ೧೯೩೧ರಲ್ಲಿ ಮತ್ತೊಂದನ್ನು. ಎರಡರ ತತ್ತ್ವವೂ ನಮ್ಮ ಬಾಣದ ತತ್ತ್ವವೇ. ಬಾಣದ ಮೊನೆ ಭಾರ, ಬಾಲದ ಗರಿ ಹಗುರ. ಆದುದರಿಂದ ಅದು ತಲೆಕೆಳಗಾಗದೆ ಹಾರುತ್ತದೆ. ಬ್ರೆನೆಕೆಯು ಸೀಸದ ಹಿಂಬದಿಗೆ ಹಗುರವಾದ ಬಿಲ್ಲೆಯನ್ನು ಬಿಗಿದನು. ಫಾಸ್ಟರನು ಗುಂಡಿನ ಹಿಂಭಾಗವನ್ನೇ ಬೆರಳುಬೊಂಬೆಯಂತೆ ಟೊಳ್ಳುಮಾಡಿದನು. ಇವುಗಳ ಹೊರಮೈಯಲ್ಲಿ ಕಾಣುವ ಓರೆಗೆರೆಗಳು ಗುಂಡನ್ನು ತಿರುಗಿಸುವುದಕ್ಕಾಗಿಯೆಂದು ಜನ ಭಾವಿಸುವುದುಂಟು. ಅವುಗಳಿಂದ ಹತ್ತುವ ಸುತ್ತು ಅತ್ಯಲ್ಪ. ಅವುಗಳ ಮುಖ್ಯ ಪ್ರಯೋಜನವೇನೆಂದರೆ ಚೋಕಿನ ಇಕ್ಕಟ್ಟಿನಲ್ಲಿ ಮೆತ್ತಗಿನ ಸೀಸವು ನುಸುಳಿ ಹೋಗುವುದಕ್ಕೆ ಎಡೆಮಾಡಿಕೊಡುವುದು. ಇಷ್ಟೆಲ್ಲ ಬುದ್ಧಿ ಖರ್ಚು ಮಾಡಿದ ಮೇಲೂ ನುಣುಪು ನಳಿಗೆಯಲ್ಲಿ ಇವುಗಳ ಭರವಸೆ ಐವತ್ತು ಅರವತ್ತು ಗಜಗಳಷ್ಟೇ. ಪಕ್ಕದೂರಿನವನು ಒಲೆಯ ಮುಂದೆ ಎರಕಹೊಯ್ದ ಉಂಡೆಯ ಭರವಸೆ ಎಷ್ಟೆಂದು ವಾಚಕರೇ ಊಹಿಸಬಹುದು.

ಈ ಕೈಗೆಲಸದ ಹುಚ್ಚು ನಮ್ಮ ಮಲೆನಾಡಿಗೆ ಮಾತ್ರ ಸೇರಿದುದಲ್ಲ. ೧೯೨೯ರಲ್ಲಿ ಆರಂಭವಾದ ಮಹಾ ಆರ್ಥಿಕ ಕುಸಿತದ ವರ್ಷಗಳಲ್ಲಿ ಅಮೆರಿಕದ ಬಡ ರೈತರು ಇದನ್ನು ಧಾರಾಳವಾಗಿ ಮಾಡಿದರು. ಮನೆಗೊಂದೇ ಕೋವಿ, ಕೊಳ್ಳಲು ಶಕ್ತಿಯಿದ್ದುದು ಹಕ್ಕಿ ಹೊಡೆಯುವ ಅಗ್ಗದ ತೋಟೆಗಳನ್ನು ಮಾತ್ರ, ಹೊಟ್ಟೆಗೆ ಬೇಕಾದದ್ದು ಜಿಂಕೆಯ ಮಾಂಸ. ತೋಟೆಯ ಕಾಗದದ ಕೊಳವೆಯನ್ನು ಕತ್ತಿಯಿಂದ ಗಾಯಗೊಳಿಸಿ ಚರೆಯೆಲ್ಲವೂ ಒಂದೇ ಮುದ್ದೆಯಾಗಿ ಹಾರುವಂತೆ ಕೆಲವರು ಮಾಡಿದರು. ಚರೆಯ ನಡುವೆ ಕರಗಿದ ಮೇಣವನ್ನು ಹೊಯ್ದರು ಮತ್ತೆ ಕೆಲವರು. ಹಸಿವಿನ ಯುಕ್ತಿಯನ್ನು ಹಳಿಯಲಾರೆ. ಅದು ಕೆಲಸಕ್ಕೆ ಬಂದದ್ದೂ ಉಂಟು, ಹತ್ತು ಹದಿನೈದು ಹೆಜ್ಜೆಯ ದೂರದಲ್ಲಿ. ಆದರೆ ಕತ್ತರಿಸಿದ ಕೊಳವೆಯು ಪ್ರತಿಸಲವೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಒಮ್ಮೆ ಇಡಿಯಾಗಿ ಹೋಗುತ್ತದೆ. ಒಮ್ಮೆ ಬಾಯಲ್ಲೇ ಬಿಚ್ಚಿ ಚೆದರುತ್ತದೆ. ಒಮ್ಮೆ ಅರ್ಧ ಕೊಳವೆ ನಳಿಗೆಯ ನಡುವೆ ಸಿಕ್ಕಿಕೊಂಡು ಉಳಿಯುತ್ತದೆ. ಈ ಮೂರನೆಯದೇ ಯಮದೂತ.

ಅದೇಕೆಂದು ಹೇಳುವೆನು. ಮದ್ದು ಉರಿದಾಗ ಕೋವಿಯ ಬುಡದಲ್ಲಿ ಹುಟ್ಟುವ ಒತ್ತಡವು ಸಾಮಾನ್ಯವಾದುದಲ್ಲ. ಮಾಮೂಲು ಹನ್ನೆರಡು ಬೋರಿನ ತೋಟೆಗೆ ಅಮೆರಿಕದ ತಯಾರಕರು ಇಟ್ಟುಕೊಂಡಿರುವ ಮಿತಿಯೇ ಚದರ ಅಂಗುಲಕ್ಕೆ ೧೧,೫೦೦ ಪೌಂಡು. ನಮ್ಮ ಸುತ್ತಲಿನ ಗಾಳಿಯ ಒತ್ತಡಕ್ಕಿಂತ ಏಳುನೂರು ಪಾಲಿಗೂ ಹೆಚ್ಚು. ಮದ್ದಿನ ಸ್ವಭಾವವು ವಿಚಿತ್ರ: ತಡೆ ಹೆಚ್ಚಿದಷ್ಟೂ ಅದು ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ಮತ್ತೂ ಬೇಗ ಉರಿಯುತ್ತದೆ. ಕಾರ್ಖಾನೆಯಲ್ಲಿ ಮದ್ದು, ಬಿಲ್ಲೆ, ಚರೆ, ಕೊಳವೆಯ ಬಿಗಿ, ಇವೆಲ್ಲವನ್ನೂ ಒಂದಕ್ಕೊಂದು ತೂಗಿನೋಡಿ ಹೊಂದಿಸಿರುತ್ತಾರೆ. ಅದರಲ್ಲಿ ಒಂದನ್ನು ಬದಲಿಸಿದವನು ಉಳಿದ ಮೂರರ ಲೆಕ್ಕವನ್ನೂ ಕೆಡಿಸಿದಂತಾಯಿತು. ಎರಕದ ಗುಂಡು ಒಂದು ಕೂದಲೆಳೆಯಷ್ಟು ದಪ್ಪವಾದರೂ ಚೋಕಿನಲ್ಲಿ ಅಡ್ಡ ನಿಲ್ಲಬಹುದು. ಸೀಸಕ್ಕೆ ಬದಲಾಗಿ ಸೈಕಲ್ಲಿನ ಉಕ್ಕಿನ ಗೋಲಿಗಳನ್ನು ಹಾಕುವ ಧೀರರೂ ಇದ್ದಾರೆ; ಉಕ್ಕು ಬಗ್ಗದು, ಆದುದರಿಂದ ನಳಿಗೆಯೇ ಬಗ್ಗಬೇಕು. ಇನ್ನು ಒಳಗೆ ಅಡ್ಡವೊಂದು ಉಳಿದಿರುವಾಗ ಮತ್ತೊಂದು ತೋಟೆಯನ್ನು ಹಾರಿಸಿದರೆ ನಳಿಗೆಯು ಆ ಸ್ಥಳದಲ್ಲಿ ಉಬ್ಬುತ್ತದೆ, ಇಲ್ಲವೇ ಬಾಳೆಯ ಸಿಪ್ಪೆಯಂತೆ ಸೀಳುತ್ತದೆ. ಸೀಳುವ ಆ ಸ್ಥಳದಲ್ಲಿ ಇರುವುದು ಯಾವುದು? ಕೋವಿಯನ್ನು ಹಿಡಿದವನ ಎಡಗೈ. ಪಕ್ಕದಲ್ಲಿ ಇರುವವನು ಯಾರು? ರಾತ್ರಿಯ ಗದ್ದೆ ಕಾವಲಿನಲ್ಲಿ ಟಾರ್ಚು ಹಿಡಿದು ನಿಂತ ಮಗನೋ ಆಳೋ.

ಇದು ಬರಿಯ ಹೆದರಿಕೆಯ ಮಾತಲ್ಲವೆಂಬುದಕ್ಕೆ ಒಂದು ನಿದರ್ಶನ. ಇಪ್ಪತ್ತು ಬೋರಿನ ತೋಟೆಯನ್ನು ಮರೆತು ಹನ್ನೆರಡು ಬೋರಿನ ಕೋವಿಗೆ ಹಾಕಿದರೆ ಅದು ಒಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿಯೆಂದು ಕಾಣುತ್ತದೆ. ಹಿಂದೆ ಸರಿಯಾದ ತೋಟೆಯನ್ನು ಹಾಕಿ ಹೊಡೆದವನು ಬೆರಳುಗಳನ್ನು ಕಳೆದುಕೊಳ್ಳುತ್ತಾನೆ. ಇಂಥ ಅನರ್ಥಗಳು ನಡೆದುದರಿಂದಲೇ ಇಪ್ಪತ್ತು ಬೋರಿನ ತೋಟೆಗಳಿಗೆ ಹಳದಿ ಬಣ್ಣವನ್ನು ಮೀಸಲಿಡುವ ಪದ್ಧತಿ ಬಂದದ್ದು.

ಗೃಹಿಣಿಯರು ಗಮನಿಸಬೇಕಾದುದು ಮತ್ತೊಂದುಂಟು. ಈ ಎರಕದ ಕೆಲಸವು ನಡೆಯುವುದೆಲ್ಲಿ? ಸಾಮಾನ್ಯವಾಗಿ ಬಚ್ಚಲೊಲೆಯಲ್ಲಿ, ಹಳೆಯ ಒಗ್ಗರಣೆ ಸೌಟಿನಲ್ಲಿ. ಸೀಸಕ್ಕೆ ಸಂಸ್ಕೃತದಲ್ಲಿ ನಾಗವೆಂಬ ಹೆಸರುಂಟು. ರಸಶಾಸ್ತ್ರದವರು ಆ ಹೆಸರನ್ನು ಏಕೆ ಆರಿಸಿದರೋ, ಒಪ್ಪುವ ಹೆಸರಂತೂ ಹೌದು. ಅದರ ಹೊಗೆಯೂ ಬೂದಿಯೂ ಕಣ್ಣಿಗೆ ಕಾಣದಂತೆ ಮನೆಯೊಳಗೆ ಕೂರುತ್ತವೆ. ನೆಲದ ಮೇಲೆ ಅಂಬೆಗಾಲಿಡುವ ಮಗು ಕೈಯನ್ನು ಬಾಯಲ್ಲಿಟ್ಟುಕೊಳ್ಳುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಬಾಧಕವಿಲ್ಲವೆಂಬ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದೆ. ಅದು ಕೆಡಿಸುವುದು ಮುಖ್ಯವಾಗಿ ಬೆಳೆಯುವ ಮಿದುಳನ್ನು. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೆ ಅದು ಸಿಡಿದು ಮುಖದ ಮೇಲೆ ಹಾರುವುದನ್ನು ಬೇರೆ ಹೇಳಬೇಕಾದ್ದಿಲ್ಲ. ಆ ಸೌಟು ಮತ್ತೆ ಅಡಿಗೆಮನೆಗೆ ಹೋಗಕೂಡದು.

ಗುರಿ ತಪ್ಪಿದ ಗುಂಡಿನ ಮಾತಿಗೆ ಮರಳೋಣ. ಹಕ್ಕಿಯ ಚರೆಯು ಇನ್ನೂರು ಮುನ್ನೂರು ಗಜಗಳಲ್ಲಿ ಶಕ್ತಿಗುಂದಿ ಬೀಳುತ್ತದೆ. ಒಂದು ಔನ್ಸಿನ ಇಡೀ ಗುಂಡಾದರೋ ಅರ್ಧ ಮೈಲಿಯನ್ನು ಮೀರಿಯೂ ಹೋಗಬಲ್ಲುದು. ಚರೆಯ ಕೋವಿಯಿಂದ ಅಭ್ಯಾಸವಾದ ಕೈಗೆ ಈ ದೂರದ ಅಂದಾಜು ಇರುವುದಿಲ್ಲ. ತೋಟದಾಚೆ ರಸ್ತೆ, ರಸ್ತೆಯಾಚೆ ಇನ್ನೊಬ್ಬರ ಅಂಗಳ. ಹಂದಿಗೇ ತಾಗಿತೆನ್ನಿ, ಸರಿಯಾದ ಜಾಗಕ್ಕೆ ತಾಗದೆ ಗಾಯಗೊಂಡು ಹೊದರಿಗೆ ನುಗ್ಗಿದ ಹಂದಿಯು, ಮರುದಿನ ಸೊಪ್ಪು ತರಲು ಹೋದ ಹೆಂಗಸಿಗೆ ಎದುರಾಗುವುದು.

ಕಾನೂನಿನ ಮಾತು ಸಂಕ್ಷೇಪವಾಗಿ. ಕೋವಿಗೆ ಪರವಾನಗಿ ಇದ್ದಮಾತ್ರಕ್ಕೆ ಮದ್ದುಗುಂಡನ್ನು ತಯಾರಿಸುವ ಹಕ್ಕು ಬಾರದು. ೧೯೫೯ರ ಆಯುಧಗಳ ಕಾಯಿದೆಯಲ್ಲಿ ತಯಾರಿಕೆಗೆ ಬೇರೆಯೇ ಪರವಾನಗಿ ಬೇಕು. ಅದಿಲ್ಲದೆ ತಯಾರಿಸಿದವನಿಗೆ ೨೦೧೯ರ ತಿದ್ದುಪಡಿಯ ತರುವಾಯ ಏಳು ವರ್ಷಕ್ಕೆ ಕಡಮೆಯಿಲ್ಲದ ಸೆರೆವಾಸ. ಕೊಡಗಿನವರಿಗೆ ಕೋವಿಯನ್ನು ಇಟ್ಟುಕೊಳ್ಳುವ ವಿಷಯದಲ್ಲಿ ಪರಂಪರೆಯಿಂದ ಬಂದ ವಿನಾಯಿತಿ ಉಂಟು. ಕೈಲ್‌ಪೊದ್ ಹಬ್ಬದಲ್ಲಿ ಅವರು ಕೋವಿಯನ್ನು ಪೂಜಿಸಿ, ತೆಂಗಿನಕಾಯಿಗೆ ಗುಂಡು ಹೊಡೆದು ಗುರಿಯನ್ನು ಪರೀಕ್ಷಿಸಿಕೊಳ್ಳುವರು. ಆ ಪೂಜೆಯಲ್ಲಿ ಆಯುಧವನ್ನು ಒರಸಿ ಶುಚಿಗೊಳಿಸುವ ಭಾಗವನ್ನಾದರೂ ಉಳಿದವರು ಅನುಸರಿಸಬಹುದು. ನಮ್ಮ ಶುಕ್ರನೀತಿಯಲ್ಲಿಯೂ ನಾಲಿಕವೆಂಬ ಕೋವಿಯ, ಅಗ್ನಿಚೂರ್ಣದ, ಸೀಸದ ಗುಂಡಿನ ವರ್ಣನೆ ಇದೆ. ಅದನ್ನು ಕಂಡು ನಮ್ಮವರು ಪುರಾತನದಲ್ಲಿಯೇ ಬಂದೂಕು ಮಾಡಿದರೆಂದು ಹಿಗ್ಗುವವರುಂಟು. ಆ ವರ್ಣನೆ ಇರುವುದರಿಂದಲೇ ಆ ಗ್ರಂಥವು ಅರ್ವಾಚೀನವೆಂದು ಹೇಳುವ ವಿದ್ವಾಂಸರ ಪಕ್ಷವೇ ನನಗೆ ಸರಿಯೆಂದು ತೋರುತ್ತದೆ. ಗುಂಡನ್ನು ಮನೆಯಲ್ಲಿ ಎರೆಯುವುದಕ್ಕೆ ಅದನ್ನು ಆಧಾರವಾಗಿ ಹೇಳುವುದಂತೂ ಬೇಡ.

ಇನ್ನು ಕಾಗದ ಬರೆದವರು ಮಾಡತಕ್ಕದ್ದು. ಹಂದಿಯ ವಿಷಯದಲ್ಲಿ ೧೯೭೨ರ ವನ್ಯಜೀವಿ ಕಾಯಿದೆ ಇರುವುದರಿಂದ ಮೊದಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಅದಿಲ್ಲದೆ ಗುಂಡಿನ ಚರ್ಚೆಯೇ ವ್ಯರ್ಥ. ಕೋವಿಯು ತಂದೆಯ ಕಾಲದ್ದಾದುದರಿಂದ ಪರವಾನಗಿ ಹೊಂದಿದ ಕೋವಿ ರಿಪೇರಿಯವನಿಗೆ ಅದನ್ನು ತೋರಿಸಿ, ನಳಿಗೆಯ ಒಳಗೆ ತುಕ್ಕಿನ ಗುಳಿಗಳೋ ಉಬ್ಬೋ ಇದೆಯೇ ಎಂದು ನೋಡಿಸಬೇಕು. ಅದು ಸರಿಯಿದ್ದರೆ, ದಪ್ಪ ಚರೆಯ ತೋಟೆಗಳು ಪರವಾನಗಿಯುಳ್ಳ ಅಂಗಡಿಗಳಲ್ಲಿ ಸಿಕ್ಕುತ್ತವೆ. ಪುಣೆಯ ಹತ್ತಿರ ಖಡ್ಕಿಯಲ್ಲಿ ೧೮೬೯ರಿಂದ ನಡೆದುಬಂದಿರುವ ಸರ್ಕಾರದ ಕಾರ್ಖಾನೆಯು ಹನ್ನೆರಡು ಬೋರಿನ ತೋಟೆಗಳನ್ನು ತಯಾರಿಸುತ್ತದೆ. ಮಳೆಗಾಲದಲ್ಲಿ ಉಬ್ಬಿದ ಹಳೆಯ ತೋಟೆಗಳು ಮನೆಯಲ್ಲಿದ್ದರೆ ಅವನ್ನು ಒಲೆಗೂ ಬಾವಿಗೂ ಹಾಕದೆ, ಅದೇ ಅಂಗಡಿಯವನನ್ನೋ ಠಾಣೆಯವರನ್ನೋ ಕೇಳಿ ಒಪ್ಪಿಸತಕ್ಕದ್ದು. ಕುದುರೆ ಬಿದ್ದೂ ತೋಟೆ ಹಾರದಿದ್ದರೆ ಕೋವಿಯನ್ನು ಥಟ್ಟನೆ ತೆರೆಯದೆ, ಬಾಯಿಯನ್ನು ಜನವಿಲ್ಲದ ಕಡೆಗೆ ತಿರುಗಿಸಿ, ನಿಧಾನವಾಗಿ ಅರವತ್ತರವರೆಗೆ ಎಣಿಸಬೇಕು. ಸದ್ದು ಮೆತ್ತಗೆ ಕೇಳಿಬಂದರೆ ಎರಡನೆಯದನ್ನು ಹಾರಿಸುವ ಮೊದಲು ತೋಟೆಗಳನ್ನು ತೆಗೆದು, ನಳಿಗೆಯನ್ನು ಬುಡದ ಕಡೆಯಿಂದ ಬೆಳಕಿಗೆ ಹಿಡಿದು ನೋಡಬೇಕು. ಆಚೆಯ ಬೆಳಕು ದುಂಡಗೆ ಪೂರ್ತಿಯಾಗಿ ಕಂಡರೆ ಮಾತ್ರ ಮತ್ತೊಂದನ್ನು ಹಾಕಬಹುದು.