ಎಣ್ಣೆ ತಿನ್ನುವ ಅಣುಜೀವಿಯೂ ಎಣ್ಣೆ ಚೆಲ್ಲುವ ಮನುಷ್ಯನೂ

ಮಣ್ಣಿನೊಳಗಿನ ಬ್ಯಾಕ್ಟೀರಿಯಾ ಎಂಬ ಅಣುಜೀವಿಗಳು ಕಲ್ಲೆಣ್ಣೆಯನ್ನು ತಿಂದು ನೆಲವನ್ನು ಶುಚಿಗೊಳಿಸಬಲ್ಲವೆಂದರೆ ನಮ್ಮ ವಾಚಕರಲ್ಲಿ ನಗುವವರು ಇರಲಾರರು. ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟನ್ನು ಬೆಳಗಿನೊಳಗೆ ಉಬ್ಬಿಸಿಕೊಡುವ, ಸಂಬಳ ಕೇಳದ ಕೆಲಸಗಾರರು ಇವುಗಳ ಬಳಗದವರೇ ಅಲ್ಲವೇ! ಎಣ್ಣೆಯನ್ನೇ ಆಹಾರವಾಗಿಸಿಕೊಂಡ ಜಾತಿಗಳು ಅದನ್ನು ಕ್ರಮೇಣ ನೀರು ಮತ್ತು ಇಂಗಾಲಾಮ್ಲ ವಾಯುವನ್ನಾಗಿ ಮಾರ್ಪಡಿಸುತ್ತವೆ. ದಿಲ್ಲಿಯ ಟೆರಿ ಸಂಸ್ಥೆಯ ವಿಜ್ಞಾನಿಗಳು ಇಂತಹ ಹಲವು ಜಾತಿಗಳನ್ನು ಒಂದುಗೂಡಿಸಿ, ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ನೆಲೆಗೊಳಿಸಿ, ‘ಆಯಿಲ್‌ಜ್ಯಾಪರ್’ ಎಂಬ ಹೆಸರಿನಿಂದ ಸಿದ್ಧಪಡಿಸಿದ್ದಾರೆ. ಇದು ಅಭಿಮಾನಪಡತಕ್ಕ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ಸಾಧನೆಯನ್ನು ಎಣ್ಣೆ ಚೆಲ್ಲುವವರು ತಮ್ಮ ಸಮಾಧಾನಕ್ಕೆ ಬಳಸಿಕೊಳ್ಳುವುದನ್ನು ನಾವು ಒಪ್ಪಲಾರೆವು.

2017ರ ಜನವರಿ 28ರಂದು ಚೆನ್ನೈಯ ಉತ್ತರಕ್ಕಿರುವ ಎನ್ನೂರಿನ ಬಳಿ ಎರಡು ಹಡಗುಗಳು ಡಿಕ್ಕಿ ಹೊಡೆದು ಎಣ್ಣೆ ಸಮುದ್ರಕ್ಕೆ ಹರಿಯಿತು. ಕೂಡಿಹಾಕಿದ ಕೆಸರನ್ನು ಅಣುಜೀವಿಗಳಿಗೆ ಒಪ್ಪಿಸಿದ್ದು ನಿಜ. ಆದರೆ ಅದಕ್ಕೂ ಮೊದಲು ಅದನ್ನು ದಡದ ಬಂಡೆಗಳ ನಡುವಿನಿಂದ ಬಕೆಟ್ಟುಗಳಲ್ಲಿ ಎತ್ತಿದವರು ಮನುಷ್ಯರು. ವಿದ್ಯಾರ್ಥಿಗಳು, ಬೆಸ್ತರು, ಕೂಲಿಯವರು. 2023ರ ಡಿಸೆಂಬರಿನಲ್ಲಿ ಬಿರುಗಾಳಿ ಮಳೆಯ ನೀರಿನೊಡನೆ ಮಣಲಿ ಕಾರ್ಖಾನೆಗಳ ಕಡೆಯಿಂದ ಎಣ್ಣೆ ಹರಿದು ಅದೇ ಎನ್ನೂರಿನ ಅಳಿವೆಗೆ ನುಗ್ಗಿದಾಗಲೂ ಬೆಸ್ತರು ದೋಣಿಯಲ್ಲಿ ಕುಳಿತು ಅದನ್ನು ಮೊಗೆದರು. ಎಷ್ಟೋ ಮಂದಿಗೆ ಸರಿಯಾದ ಕೈಚೀಲವೂ ಇರಲಿಲ್ಲ.

ಈ ನೋಟ ನಮಗೆ ಅಪರಿಚಿತವಲ್ಲ. ಹೋಟೆಲು ನಡೆಸುತ್ತಿದ್ದಾಗ ಬಾಣಲೆಯ ಸುಟ್ಟ ಎಣ್ಣೆಯನ್ನು ನಾವೂ ಮೋರಿಗೆ ಸುರಿಸಿದವರೇ. ಜಿಡ್ಡು ಹೆಪ್ಪುಗಟ್ಟಿ ಮೋರಿ ಕಟ್ಟಿಕೊಂಡಾಗ ಅದರೊಳಗೆ ಕೈಯಿಟ್ಟವನು ಗಲ್ಲೆಯ ಮೇಲೆ ಕುಳಿತ ನಾವಲ್ಲ, ತಟ್ಟೆ ತೊಳೆಯುವವನು.

ಅಣುಜೀವಿಗಳಿಗೂ ಮಿತಿಯುಂಟು. ಗಾಳಿ, ತೇವ, ಸಾರಜನಕ, ರಂಜಕ ಇಷ್ಟೂ ದೊರೆತರೆ ಮಾತ್ರ ಅವು ಚುರುಕಾಗಿ ದುಡಿಯುತ್ತವೆ. ತೆಳುವಾದ ಎಣ್ಣೆ ಬೇಗನೆ ಕರಗೀತು. ಡಾಂಬರಿನಂತಹ ಅಂಶ ಬಹುಕಾಲ ಉಳಿಯುತ್ತದೆ. ಅಮೆರಿಕದ ಅಲಾಸ್ಕಾ ತೀರದಲ್ಲಿ 1989ರಲ್ಲಿ ‘ಎಕ್ಸಾನ್ ವಾಲ್ಡೀಜ್’ ಹಡಗಿನ ಎಣ್ಣೆ ಚೆಲ್ಲಿದಾಗ, ಅಲ್ಲಿಯ ಅಣುಜೀವಿಗಳು ಬಲಿಯಲೆಂದು ದಡಕ್ಕೆ ಗೊಬ್ಬರವನ್ನೇ ಚಿಮುಕಿಸಿದರು. ಕೆಲಸ ಚುರುಕಾಯಿತು. ಆದರೂ ಕಲ್ಲುಗಳಡಿ ಗಾಳಿ ತಾಗದೆಡೆ ಅವಿತ ಎಣ್ಣೆ ದಶಕಗಳ ಬಳಿಕವೂ ಸಿಕ್ಕಿತು.

ಅಣುಜೀವಿಗಳು ತಿಂಗಳುಗಟ್ಟಲೆ ಉಣ್ಣುತ್ತಿರುವಾಗ ಬೆಸ್ತನ ಮನೆಯಲ್ಲಿ ಉಣ್ಣುವುದೇನು? ಬಲೆ ಕೆಟ್ಟಿದೆ, ಮೀನು ಸಿಕ್ಕರೂ ಕೊಳ್ಳುವವರಿಲ್ಲ. ಆದುದರಿಂದ ಎಣ್ಣೆ ಚೆಲ್ಲಿದವರ ಲೆಕ್ಕದಲ್ಲಿ ಪುಡಿಯ ಬೆಲೆಯೊಂದೇ ಇದ್ದರೆ ಸಾಲದು. ಬಲೆಯ ಬೆಲೆ, ತಪ್ಪಿದ ದಿನಗಳ ದುಡಿಮೆ, ಮೊಗೆಯುವವರ ಕೈಚೀಲ ಮತ್ತು ವೈದ್ಯವೆಚ್ಚ ಇವೂ ಸೇರಬೇಕು. ಅದೂ ಅಣುಜೀವಿಗಳ ಪುಡಿಯ ಮೊದಲ ಚೀಲ ದಡಕ್ಕೆ ಬರುವ ಮುನ್ನವೇ.