ಮಲೆನಾಡಿನ ರಸ್ತೆ ಕಿರಿದಾಗಿಯೇ ಇರಲಿ



ವಾರಾಂತ್ಯದಲ್ಲಿ ಮುಳ್ಳಯ್ಯನಗಿರಿ ದಾರಿಯ ತುಂಬ ವಾಹನಗಳು. ಹಾಗಾಗಿ ಸೈಕಲ್ ಸವಾರರು ಬಾಳೆಹೊನ್ನೂರು–ಕಳಸ, ಕಳಸ–ಕುದುರೆಮುಖದಂಥ ರಸ್ತೆಗಳನ್ನು ಅರಸಿ ಬರುತ್ತಾರೆ. ಅವರಿಗೆ ಬೇಕಾದ ನೆರಳೂ ನಿಶ್ಶಬ್ದವೂ ಇಲ್ಲಿ ಉಳಿದಿರುವುದು ರಸ್ತೆ ಕಿರಿದಾಗಿರುವುದರಿಂದಲೇ.

ಅಗಲೀಕರಣಕ್ಕೆ ಅರ್ಜಿ ಹಾಕುವ ಮುನ್ನ ಯೋಚಿಸೋಣ. ಧರೆ ಕಡಿದರೆ ಮಳೆಗಾಲದಲ್ಲಿ ಜರಿಯುವುದು ಮೇಲಿನ ತೋಟವೇ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದುದನ್ನು ಮರೆಯಲಾದೀತೇ? ಎದುರು ಬರುವ ಗಾಡಿಗೆ ಅಲ್ಲಲ್ಲಿ ಜಾಗ ಮಾಡಿದರೆ ಸಾಕು.

ರಸ್ತೆ ಕೆಡಿಸುವುದು ನಾವು ತೋಟದಿಂದ ಹೊರಬಿಡುವ ನೀರು. ಮೇ ತಿಂಗಳೊಳಗೆ ಚರಂಡಿ ಬಿಡಿಸೋಣ. ಕೊಯ್ಲಿನ ದಿನಗಳಲ್ಲಿ ತಿರುವುಗಳಲ್ಲಿ ನಿಧಾನವಾಗಿ ಹೋಗುವಂತೆ ಪಿಕಪ್ ಚಾಲಕರಿಗೆ ತಾಕೀತು ಮಾಡೋಣ. ಅದೇ ದಾರಿಯಲ್ಲಿ ನಮ್ಮ ಮಕ್ಕಳೂ ಶಾಲೆಗೆ ನಡೆಯುತ್ತಾರೆ.

– ಕಾರ್ಯದರ್ಶಿ