ಅಲುಗಾಡಿದ ಕಾಲಿಗೆ ಕಳೆದ ಅಂಕ

ಕಳೆದ ವರ್ಷದ ಬೋಧನಾಭ್ಯಾಸದಲ್ಲಿ ಒಬ್ಬ ಪ್ರಶಿಕ್ಷಣಾರ್ಥಿಗೆ ನಾನು ಕೊಟ್ಟ ಅಂಕ ಸರಿಯಿರಲಿಲ್ಲ. ಆಕೆ ಆರನೆಯ ತರಗತಿಯ ದೈಹಿಕ ಶಿಕ್ಷಣದ ಅವಧಿಗೆ ತೈ ಚಿ ನಡಿಗೆಯನ್ನು ಆಯ್ದುಕೊಂಡಿದ್ದರು. ಮಕ್ಕಳು ಬರಿಗಾಲಲ್ಲಿ ಎರಡು ಸಾಲಾಗಿ ನಿಂತು, ಒಂದು ಹೆಜ್ಜೆಗೆ ಹತ್ತು ಎಣಿಸುವಷ್ಟು ಹೊತ್ತು ತೆಗೆದುಕೊಂಡು ನಡೆದರು. ಅರ್ಧಕ್ಕರ್ಧ ಮಂದಿ ತೂರಾಡಿದರು, ಇಬ್ಬರು ಪಕ್ಕದವರ ಹೆಗಲು ಹಿಡಿದರು, ಒಬ್ಬ ಕೂತೇಬಿಟ್ಟ. ವೀಕ್ಷಣಾ ಹಾಳೆಯಲ್ಲಿ ನಾನು ಬರೆದದ್ದು: 'ಸಮತೋಲನ ಸಾಧಿತವಾಗಿಲ್ಲ. ತರಗತಿ ನಿಯಂತ್ರಣ ಸಾಲದು.' ಅದೇ ವಾರ ಇನ್ನೊಬ್ಬರು ವೃಕ್ಷಾಸನ ಮಾಡಿಸಿದ್ದರು. ಮಕ್ಕಳು ನೆಟ್ಟ ಕಂಬದಂತೆ ನಿಂತಿದ್ದರು. ಅವರಿಗೆ ನಾಲ್ಕು ಅಂಕ ಹೆಚ್ಚು ಬಿತ್ತು.

ಹಿಮ್ಮಾಹಿತಿಯ ಹೊತ್ತಿನಲ್ಲಿ ಆಕೆ ವಾದಿಸಲಿಲ್ಲ. "ಸರ್, ಒಂದು ಸಲ ನೀವೂ ನಡೆದು ನೋಡಿ" ಎಂದಷ್ಟೇ ಹೇಳಿದರು. ನೋಡಿದೆ, ಮನೆಯ ಜಗಲಿಯಲ್ಲಿ, ಯಾರೂ ಇಲ್ಲದಾಗ. ಮೂರನೆಯ ಹೆಜ್ಜೆಗೆ ಗೋಡೆ ಹಿಡಿದೆ. ಆ ನಾಚಿಕೆಗೇ ನಾಲ್ಕು ತಿಂಗಳು ಒಬ್ಬರ ಬಳಿ ಪಾಠ ಹೇಳಿಸಿಕೊಂಡೆ.

ತೈ ಚಿ ಎಂದರೆ ಗಾಳಿಯಲ್ಲಿ ಕೈಯಾಡಿಸುವುದು ಎಂದು ನಾನೂ ತಿಳಿದಿದ್ದೆ. ಇವತ್ತು ಜಗತ್ತಿನ ಬಹುತೇಕ ಕಡೆ ಹೊಸಬರಿಗೆ ಹೇಳಿಕೊಡುವ 24 ಭಂಗಿಗಳ ಸರಳ ಪಾಠವನ್ನು ಚೀನಾದ ಕ್ರೀಡಾ ಆಡಳಿತ 1956ರಲ್ಲಿ ರೂಪಿಸಿತು. ಅದರ ಚಿತ್ರಪಟ ನೋಡಿದರೂ ಕಣ್ಣು ಹೋಗುವುದು ಕೈಗಳಿಗೇ. ಆದರೆ ಹಳೆಯ ಗುರು ಯಾಂಗ್ ಚೆಂಗ್‌ಫು ಹೇಳಿದ ಹತ್ತು ಮುಖ್ಯಾಂಶಗಳಲ್ಲಿ ಒಂದು ಪೂರ್ತಿ ಕಾಲಿಗೇ ಸೇರಿದ್ದು: ತುಂಬಿದ ಕಾಲು ಯಾವುದು, ಖಾಲಿ ಕಾಲು ಯಾವುದು ಎಂದು ತಿಳಿದಿರಬೇಕು. ಮೈಯ ಭಾರವೆಲ್ಲ ಹಿಂದಿನ ಕಾಲಿನ ಮೇಲೆ ನಿಂತ ಮೇಲೆ ಮುಂದಿನ ಹಿಮ್ಮಡಿಯನ್ನು ನೆಲಕ್ಕೆ ತಾಗಿಸಬೇಕು, ಭಾರ ಹಾಕದೆ. ಅದು ನಿಜವಾಗಿ ಖಾಲಿಯೋ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಮೈ ಜೋಲಿ ಹೊಡೆಯದಂತೆ ಆ ಕಾಲನ್ನು ಹಿಂದಕ್ಕೆ ಎತ್ತಿಕೊಳ್ಳಲು ಬಂದರೆ ಖಾಲಿ, ಬರದಿದ್ದರೆ ನಾವು ಆಗಲೇ ಬಿದ್ದು ಆಗಿದೆ, ನೆಲ ಹಿಡಿದುಕೊಂಡಿದೆ ಅಷ್ಟೆ. ಆಮೇಲೆ ಹಿಮ್ಮಡಿಯಿಂದ ಅಂಗಾಲಿನ ಹೊರ ಅಂಚು, ಕಿರುಬೆರಳಿನ ಬುಡ, ಹೆಬ್ಬೆರಳಿನ ಬುಡ, ಹೀಗೆ ಭಾರ ಎಣ್ಣೆಯಂತೆ ಹರಡಿಕೊಳ್ಳುತ್ತ ಹೋಗಬೇಕು. ನಾವು ದಿನವೂ ನಡೆಯುವಾಗ ಮಾಡುವುದು ಇದಲ್ಲ. ಮುಂದಕ್ಕೆ ಬೀಳುತ್ತೇವೆ, ಕಾಲು ಕೊಟ್ಟು ತಡೆಯುತ್ತೇವೆ. ವೇಗವೇ ನಮ್ಮ ತಪ್ಪನ್ನು ಮುಚ್ಚುತ್ತದೆ. ನಿಧಾನ ಮಾಡಿದೊಡನೆ ತಪ್ಪು ಹೊರಬೀಳುತ್ತದೆ, ಮಗು ಅಲುಗಾಡುತ್ತದೆ. ನಾನು ಅಂಕ ಕಳೆದದ್ದು ಆ ಕ್ಷಣಕ್ಕೆ.

ಅಲುಗಾಡದಿರುವುದೇ ಸಮತೋಲನ ಎಂಬ ನನ್ನ ಹಾಳೆಯ ತೀರ್ಮಾನವನ್ನು ಅಲುಗಾಡಿಸಿದ್ದು ಅಮೆರಿಕದ ಅಟ್ಲಾಂಟಾದ ಒಂದು ಅಧ್ಯಯನ. 70 ದಾಟಿದ 200 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ತೈ ಚಿ, ಒಂದಕ್ಕೆ ಅಂಗಾಲಿನ ಒತ್ತಡ ಅಳೆಯುವ ಕಂಪ್ಯೂಟರ್ ಹಲಗೆಯ ಮೇಲೆ ತರಬೇತಿ, ಇನ್ನೊಂದಕ್ಕೆ ಬರೀ ತಿಳಿವಳಿಕೆಯ ತರಗತಿ ಕೊಟ್ಟರು. 1996ರಲ್ಲಿ ಪ್ರಕಟವಾದ ಫಲಿತಾಂಶದಂತೆ ತೈ ಚಿ ಗುಂಪಿನಲ್ಲಿ ಮತ್ತೆ ಮತ್ತೆ ಬೀಳುವ ಅಪಾಯ ಶೇ. 47.5ರಷ್ಟು ಇಳಿದಿತ್ತು. ಸೋಜಿಗ ಇರುವುದು ಮರುವರ್ಷ ಅದೇ ತಂಡ ಪ್ರಕಟಿಸಿದ 72 ಮಂದಿಯ ಅಳತೆಯಲ್ಲಿ. ಹಲಗೆಯ ಮೇಲೆ ನಿಲ್ಲಿಸಿ ನೋಡಿದಾಗ ತೂಗಾಟ ಕಡಿಮೆಯಾದದ್ದು ಕಂಪ್ಯೂಟರ್ ಗುಂಪಿನವರಿಗೆ. ತೈ ಚಿಯವರು ಹೆಚ್ಚುಕಡಿಮೆ ಮೊದಲಿನಷ್ಟೇ ತೂಗುತ್ತಿದ್ದರು, ಆದರೆ ಬೀಳುವ ಭಯ ಅವರಲ್ಲಿ ಇಳಿದಿತ್ತು. ಮುದುಕರ ಮೇಲಿನ ಅಧ್ಯಯನವನ್ನು ಹನ್ನೊಂದು ವರ್ಷದ ಮಕ್ಕಳಿಗೆ ಹಾಗೇ ಹೊಂದಿಸಲು ಬರುವುದಿಲ್ಲ, ನಿಜ. ಆದರೂ ಸ್ಥಿರವಾಗಿ ನಿಂತವನೇ ಸಮತೋಲನ ಕಲಿತವನು ಎನ್ನುವ ಮುಂಚೆ ನಾವು ಸ್ವಲ್ಪ ತಡೆಯಬೇಕು.

ನಮ್ಮ ಯೋಗ ಇರುವಾಗ ಇದೇಕೆ ಎಂದು ಸಹೋದ್ಯೋಗಿಗಳು ಕೇಳಿದ್ದಾರೆ. ಪೈಪೋಟಿಯ ಮಾತೇ ಇಲ್ಲಿಲ್ಲ. ವೃಕ್ಷಾಸನದಲ್ಲೂ ನಿಂತ ಪಾದ ಒಳಗೊಳಗೇ ಕೆಲಸ ಮಾಡುತ್ತಿರುತ್ತದೆ. ಅದನ್ನೂ ನಾವು ನೋಡುವುದಿಲ್ಲ, ಜೋಡಿಸಿದ ಕೈ ನೋಡಿ ಟಿಕ್ ಹಾಕುತ್ತೇವೆ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಅಂಗಾಲಿನ ಒತ್ತಡ ಕಣ್ಣಿಗೆ ಕಾಣದು, ಕಾಣದ್ದಕ್ಕೆ ಅಂಕ ಹೇಗೆ?

ಮರಳಿನಲ್ಲಿ ಕಾಣುತ್ತದೆ. ಉದ್ದ ಜಿಗಿತದ ಗುಂಡಿ ಬಹಳಷ್ಟು ಶಾಲೆಗಳಲ್ಲಿದೆ. ಮರಳಿಗೆ ತುಸು ನೀರು ಚಿಮುಕಿಸಿ, ಸಮ ಮಾಡಿ, ಮಗುವನ್ನು ಒಮ್ಮೆ ದಿನದ ನಡಿಗೆಯಲ್ಲಿ, ಇನ್ನೊಮ್ಮೆ ತೈ ಚಿ ನಡಿಗೆಯಲ್ಲಿ ನಡೆಸಿ. ಮೊದಲ ಸಾಲಿನಲ್ಲಿ ಹಿಮ್ಮಡಿಯ ಗುಳಿ ಆಳ, ಬೆರಳಿನ ಕಡೆ ಮರಳು ಹಿಂದಕ್ಕೆ ಚಿಮ್ಮಿರುತ್ತದೆ. ಎರಡನೆಯದರಲ್ಲಿ ಭಾರ ಸರಿಯಾಗಿ ಹರಡಿದ್ದರೆ ಹೆಜ್ಜೆ ಮುದ್ರೆಯೊತ್ತಿದಂತೆ ಸಮನಾಗಿರುತ್ತದೆ, ಆತುರಪಟ್ಟಿದ್ದರೆ ಹಿಮ್ಮಡಿಯೇ ಚಾಡಿ ಹೇಳುತ್ತದೆ. (ಒದ್ದೆ ಕಾಲಿನ ಗುರುತು ಸಾಲದು. ಅದು ಪಾದ ತಾಗಿದ ಜಾಗ ತೋರಿಸುತ್ತದೆ, ಒತ್ತಡವನ್ನಲ್ಲ.) ಎಂಟನೆಯ ತರಗತಿಯ ಬಲ ಮತ್ತು ಒತ್ತಡ ಪಾಠಕ್ಕೂ ಇದೇ ಗುಂಡಿ ಸಾಕು: 30 ಕಿಲೋ ತೂಕದ ಮಗು ಒಂಟಿ ಕಾಲಲ್ಲಿ ನಿಂತರೆ ಭಾರ ಅಷ್ಟೇ, ತಾಗುವ ಜಾಗ ಅರ್ಧ, ಒತ್ತಡ ಎರಡು ಪಟ್ಟು. ಸೂತ್ರಕ್ಕೆ ಮೊದಲು ಅದನ್ನು ಕಾಲೇ ಹೇಳಲಿ.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. 'ಅಲುಗಾಡಬೇಡ' ಎಂದು ಮಗುವಿಗೆ ಹೇಳಬೇಡಿ, ಮಗು ಮಂಡಿ ಬಿಗಿದು ಉಸಿರು ಹಿಡಿಯುತ್ತದೆ. 'ಈಗ ಭಾರ ಪಾದದ ಯಾವ ಕಡೆ ಇದೆ?' ಎಂದು ಕೇಳಿ. ಉತ್ತರ ಹುಡುಕಲು ಅದು ತಾನೇ ನಿಧಾನಿಸುತ್ತದೆ. ಮಂಡಿ ಕಾಲ್ಬೆರಳುಗಳ ದಿಕ್ಕಿಗೇ ಬಾಗಲಿ, ಒಳಕ್ಕೆ ವಾಲಿದರೆ ಮಾತ್ರ ತಡೆದು ತಿದ್ದಿ.

ಆಕೆಯ ಅಂಕ ವಿಶ್ವವಿದ್ಯಾಲಯಕ್ಕೆ ಹೋಗಿಯಾಗಿದೆ, ತಿದ್ದಲು ಬರುವುದಿಲ್ಲ. ಫೋನು ಮಾಡಿ ತಪ್ಪು ಒಪ್ಪಿಕೊಂಡೆ. ಆಕೆ ನಕ್ಕು, "ಗೋಡೆ ಹಿಡಿದಿರಾ ಸರ್?" ಎಂದರು. ಈ ವರ್ಷ ನಮ್ಮ ವೀಕ್ಷಣಾ ಹಾಳೆಯಲ್ಲಿ 'ಸಮತೋಲನ' ಎಂಬ ಸಾಲಿನ ಎದುರು ನಾನು ಪೆನ್ನಿನಲ್ಲಿ ಒಂದು ಪ್ರಶ್ನೆ ಬರೆದುಕೊಂಡಿದ್ದೇನೆ: ತೂರಾಡಿದ ಮಗು ಮತ್ತೆ ಹೇಗೆ ನಿಂತಿತು? ಅಚ್ಚಾದ ನಮೂನೆಯಲ್ಲಿ ಅದಕ್ಕೆ ಇನ್ನೂ ಜಾಗವಿಲ್ಲ, ಅಂಚಿನಲ್ಲಿ ಬರೆಯುತ್ತಿದ್ದೇನೆ.